ಉಸ್ತಾದ್ ಅಬ್ದುಲ್ ಕರೀಂ ಖಾನ್: ಕಲಿಯಲು ಬಂದವರಿಗೆ ಬಾಗಿಲು ತೆರೆದವರು



ಮಗುವನ್ನು ಶಾಲೆಗೆ ಸೇರಿಸುವುದಕ್ಕೆ ಧಾರವಾಡದ ಕಡೆ ಹೆಸರು ಹಚ್ಚುವುದು ಎನ್ನುತ್ತಾರೆ. ಇಂದು ಸಂಗೀತ ಶಾಲೆಗೋ ನೃತ್ಯ ಶಾಲೆಗೋ ಹೆಸರು ಹಚ್ಚುವುದು ದೊಡ್ಡ ಕೆಲಸವಲ್ಲ. ಒಂದು ಅರ್ಜಿ ತುಂಬಿ, ಫೋಟೋ ಅಂಟಿಸಿ, ಮೊದಲ ತಿಂಗಳ ಫೀಸು ಕಟ್ಟಿದರೆ ಮುಗಿಯಿತು. ಮರುದಿನದಿಂದಲೇ ಪಾಠ. ನಿಮ್ಮ ತಂದೆ ಹಾಡುಗಾರರಾಗಿರಬೇಕು, ನಿಮ್ಮ ಮನೆತನದಲ್ಲಿ ಸಂಗೀತ ಇರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇದು ನಮಗೆ ಎಷ್ಟು ಸಹಜವಾಗಿದೆ ಎಂದರೆ, ಹಿಂದೆ ಹೀಗೆ ಇರಲಿಲ್ಲ ಎಂಬುದೇ ಮರೆತುಹೋಗಿದೆ.

ಸುಮಾರು 125 ವರ್ಷಗಳ ಹಿಂದೆ ಉತ್ತರ ಭಾರತದ ರಾಗಸಂಗೀತ ಬಹುಮಟ್ಟಿಗೆ ಮನೆತನಗಳ ಸೊತ್ತಾಗಿತ್ತು. ತಂದೆ ಮಗನಿಗೆ, ಚಿಕ್ಕಪ್ಪ ಅಣ್ಣನ ಮಗನಿಗೆ ಕಲಿಸುತ್ತಿದ್ದರು. ಹೊರಗಿನವರು ಕಲಿಯಬೇಕಾದರೆ ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಬೇಕಿತ್ತು. ಗುರು ಒಪ್ಪಿದ ದಿನ ಕೈಗೆ ದಾರ ಕಟ್ಟಿ ಶಿಷ್ಯನನ್ನಾಗಿ ಸ್ವೀಕರಿಸುತ್ತಿದ್ದರು. ಅದಾದ ಮೇಲೂ ಮನೆತನದ ಅಪರೂಪದ ರಾಗ, ಅಪರೂಪದ ಚೀಜು ಹೊರಗಿನವನ ಕಿವಿಗೆ ಬೀಳುವುದು ಕಷ್ಟವಿತ್ತು. ವಿದ್ಯೆಯೇ ಅವರ ಆಸ್ತಿ. ಆಸ್ತಿಯನ್ನು ಯಾರು ಹಂಚುತ್ತಾರೆ?

ಅಂಥ ಒಂದು ಮನೆತನದಲ್ಲಿ ಹುಟ್ಟಿ, ಆ ಆಸ್ತಿಯನ್ನು ಕೇಳಿ ಬಂದವರಿಗೆಲ್ಲ ಹಂಚಲು ಹೊರಟವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಅವರು ಕನ್ನಡಿಗರಲ್ಲ. ಆದರೆ ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತದ ಕಥೆಯನ್ನು ಅವರ ಹೆಸರಿಲ್ಲದೆ ಹೇಳಲಾಗದು.

ಕೈರಾನಾದ ಹುಡುಗ

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರ ನವೆಂಬರ್ 11ರಂದು, ಕೈರಾನಾ ಎಂಬ ಊರಿನಲ್ಲಿ. ಅದು ಈಗ ಉತ್ತರ ಪ್ರದೇಶದ ಶಾಮ್ಲಿ ಜಿಲ್ಲೆಯಲ್ಲಿದೆ. ಯಮುನಾ ನದಿ ದಾಟಿದರೆ ಆಚೆಗೆ ಪಾಣಿಪತ್. ಈ ಊರಿನ ಹೆಸರಿನಿಂದಲೇ ಕಿರಾಣಾ ಘರಾಣೆ ಎಂಬ ಹೆಸರು ಬಂತು. ನಮ್ಮ ಓಣಿಯ ಕಿರಾಣಿ ಅಂಗಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು!

ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್ ಅವರಿಂದ ಹುಡುಗನಿಗೆ ಪಾಠವಾಯಿತು. ಹಾಡುಗಾರಿಕೆಯ ಜೊತೆಗೆ ಸಾರಂಗಿಯನ್ನೂ ಕಲಿತರು. ಬೀನ್, ಸಿತಾರ್, ತಬಲಾಗಳ ಪರಿಚಯವೂ ಆಯಿತು. ಸಾರಂಗಿ ಮನುಷ್ಯನ ದನಿಗೆ ಬಹಳ ಹತ್ತಿರದ ವಾದ್ಯ. ಆದರೆ ಆ ಕಾಲದಲ್ಲಿ ಸಾರಂಗಿ ನುಡಿಸುವವರಿಗೆ ಗಾಯಕರಿಗೆ ಇದ್ದ ಮರ್ಯಾದೆ ಇರಲಿಲ್ಲ. ಅವರು ಹಾಡುವವರ ಹಿಂದೆ ಕುಳಿತುಕೊಳ್ಳಬೇಕಿತ್ತು. ಯುವಕ ಕರೀಂ ಖಾನರು ಸಾರಂಗಿಯನ್ನು ಬದಿಗಿಟ್ಟು ಹಾಡುವುದನ್ನೇ ಆರಿಸಿಕೊಂಡರು. ಆದರೆ ಸಾರಂಗಿ ಅವರನ್ನು ಬಿಡಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದಂತೆ ಜಾರುವ ಅವರ ಗಾಯನದಲ್ಲಿ ಆ ವಾದ್ಯದ ಗುಣ ಕೊನೆಯವರೆಗೂ ಕೇಳುತ್ತಿತ್ತು.

ತಮ್ಮ ಅಬ್ದುಲ್ ಹಕ್ ಅವರೊಂದಿಗೆ ಊರೂರು ಸುತ್ತಿ ಹಾಡುತ್ತ ಅವರು ಬರೋಡಾ ತಲುಪಿದರು. ಅಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಆಸ್ಥಾನದಲ್ಲಿ ಗಾಯಕರಾದರು.

ಬರೋಡಾದಲ್ಲಿ ಆಗಲೇ ಒಂದು ಹೊಸ ಪ್ರಯೋಗ ನಡೆದಿತ್ತು. 1886ರಲ್ಲಿ ಮಹಾರಾಜರು ಉಸ್ತಾದ್ ಮೌಲಾ ಬಕ್ಷರ ನೇತೃತ್ವದಲ್ಲಿ ಸಾರ್ವಜನಿಕರಿಗಾಗಿ ಒಂದು ಗಾಯನ ಶಾಲೆ ತೆರೆದಿದ್ದರು. ಮೌಲಾ ಬಕ್ಷರೂ ಮೈಸೂರಿನ ನಂಟಿದ್ದವರು. ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದವರು. ಅವರ ಆ ಶಾಲೆ ಬೆಳೆದು ಇಂದು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಂಗೀತ, ನೃತ್ಯ, ನಾಟಕಗಳನ್ನು ಕಲಿಸುವ ವಿಭಾಗವಾಗಿದೆ. ಹೀಗೆ, ಯಾರು ಬೇಕಾದರೂ ಹೆಸರು ಹಚ್ಚಬಹುದಾದ ಸಂಗೀತ ಶಾಲೆ ಎಂಬುದು ಕರೀಂ ಖಾನರು ಬರೋಡಾಕ್ಕೆ ಬರುವಷ್ಟರಲ್ಲಿ ಅಲ್ಲಿ ನಡೆಯುತ್ತಿದ್ದ ಸಂಗತಿಯೇ ಆಗಿತ್ತು.

ಮೀರಜಿಗೆ ಬಂದದ್ದು

ಬರೋಡಾದಲ್ಲಿ ಅವರಿಗೆ ಸರದಾರ ಮನೆತನದ ತಾರಾಬಾಯಿ ಮಾನೆ ಅವರ ಪರಿಚಯವಾಯಿತು. ಇಬ್ಬರೂ ಮದುವೆಯಾಗಲು ನಿಶ್ಚಯಿಸಿದರು. ಅಂದಿನ ಸಮಾಜ ಅದನ್ನು ಸುಲಭವಾಗಿ ಒಪ್ಪುವಂತಿರಲಿಲ್ಲ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಅವರು ಬರೋಡಾ ಬಿಟ್ಟು ಮುಂಬಯಿಗೆ ಬಂದರು. ಆಸ್ಥಾನದ ಸಂಬಳ ಹೋಯಿತು. ಇನ್ನು ಮುಂದೆ ಕಛೇರಿ ಮಾಡಿ ಬದುಕಬೇಕು.

ಆ ಹೊತ್ತಿಗೆ ಪಶ್ಚಿಮ ಭಾರತದಲ್ಲಿ ಪ್ಲೇಗು ಹಬ್ಬಿತ್ತು. ಖಾನ್ ಸಾಹೇಬರಿಗೂ ಅದು ತಗುಲಿತು. ಮೀರಜಿನಲ್ಲಿರುವ ಖ್ವಾಜಾ ಮೀರಾ ಸಾಹೇಬರ ದರ್ಗಾದಲ್ಲಿ ಪ್ರಾರ್ಥಿಸಿ ಗುಣಮುಖರಾದೆ ಎಂಬುದು ಅವರ ನಂಬಿಕೆ. ಅಂದಿನಿಂದ ಮೀರಜ್ ಅವರ ಊರಾಯಿತು. ಎಲ್ಲೆಲ್ಲಿ ಸುತ್ತಿದರೂ ಮರಳಿ ಬರುತ್ತಿದ್ದುದು ಅಲ್ಲಿಗೇ.

ಸಂಗೀತಗಾರನಿಗೆ ಮೀರಜ್ ಒಪ್ಪುವ ಊರು. ಅಲ್ಲಿನ ಶಿಕಲಗಾರ ಮನೆತನದವರು ಹಿಂದೆ ಕತ್ತಿ ಗುರಾಣಿಗಳಂಥ ಆಯುಧಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದವರು. ಆಯುಧಗಳಿಗೆ ಬೇಡಿಕೆ ಇಲ್ಲವಾದಾಗ, 19ನೇ ಶತಮಾನದ ನಡುವಿನಲ್ಲಿ, ಅದೇ ಕೈಗಳಿಂದ ತಂಬೂರಿ, ಸಿತಾರ್ ಮಾಡಲು ಕಲಿತರು. ಕತ್ತಿ ಹಿಡಿದ ಮನೆತನ ತಂಬೂರಿ ಹಿಡಿಯಿತು. ಇಂದಿಗೂ ದೇಶದ ಹೆಸರಾಂತ ಗಾಯಕರ ತಂಬೂರಿಗಳು ಬರುವುದು ಆ ಊರಿನ ಸಿತಾರ್‌ಮೇಕರ್ ಮನೆಗಳಿಂದ. ಖಾನ್ ಸಾಹೇಬರಿಗೂ ವಾದ್ಯ ರಿಪೇರಿಯ ಕೈಚಳಕವಿತ್ತು. ಅದಕ್ಕೆ ಬೇಕಾದ ಹತ್ಯಾರಗಳನ್ನು ಪ್ರಯಾಣದಲ್ಲೂ ತಮ್ಮ ಜೊತೆಗೇ ಇಟ್ಟುಕೊಂಡಿರುತ್ತಿದ್ದರು. ಸ್ವರ ಸರಿಯಾಗಿ ಹಾಡಬೇಕಾದರೆ ಮೊದಲು ತಂಬೂರಿ ಸರಿಯಾಗಿ ಶ್ರುತಿಗೊಂಡಿರಬೇಕು ಎಂಬುದರಲ್ಲಿ ಅವರು ರಾಜಿಯಾದವರಲ್ಲ.

ಮೈಸೂರಿನ ದಾರಿ, ಧಾರವಾಡದ ನಿಲ್ದಾಣ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಅರಮನೆಯಿಂದ ಖಾನ್ ಸಾಹೇಬರಿಗೆ ಮತ್ತೆ ಮತ್ತೆ ಕರೆ ಬರುತ್ತಿತ್ತು. ಅಲ್ಲಿ ಅವರಿಗೆ ಸಂಗೀತ ರತ್ನ ಎಂಬ ಬಿರುದು ಸಿಕ್ಕಿತು. ಅದಕ್ಕಿಂತ ದೊಡ್ಡದು, ಕರ್ನಾಟಕ ಸಂಗೀತದ ವಿದ್ವಾಂಸರ ಒಡನಾಟ ಸಿಕ್ಕಿತು. ಉತ್ತರದ ಗಾಯಕರು ದಕ್ಷಿಣದ ಪದ್ಧತಿಯನ್ನು ಕಿವಿಗೊಟ್ಟು ಕೇಳುವುದೇ ಅಪರೂಪವಾಗಿದ್ದ ಕಾಲ ಅದು. ಖಾನ್ ಸಾಹೇಬರು ಕೇಳಿದರು, ಕಲಿತರು. ಸ್ವರಗಳ ಹೆಸರು ಹಿಡಿದು ಹಾಡುವ ಸರಗಮ್ ಅವರ ಗಾಯನದಲ್ಲಿ ಮುಖ್ಯವಾಗಲು ಈ ಒಡನಾಟವೂ ಕಾರಣ ಎನ್ನುತ್ತಾರೆ. ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಅವರು ಹಾಡಿದ ಧ್ವನಿಮುದ್ರಿಕೆ ಇಂದಿಗೂ ಲಭ್ಯವಿದೆ. ಅಷ್ಟು ಹೆಸರು ಮಾಡಿದ ಮೇಲೂ ಇನ್ನೊಂದು ಪದ್ಧತಿಯ ಮುಂದೆ ವಿದ್ಯಾರ್ಥಿಯಾಗಿ ಕೂರುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ.

ಮೈಸೂರಿಗೆ ಹೋಗುವ ಬರುವ ದಾರಿಯಲ್ಲಿ ಅವರು ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿಯುತ್ತಿದ್ದರು. ಧಾರವಾಡದಲ್ಲಿ ಕರ್ನಾಟಕ ಸಂಗೀತದ ಗಾಯಕಿ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಹಾಡು ಕೇಳುತ್ತಿದ್ದರು. ಆ ಮನೆಯ ಪುಟ್ಟ ಹುಡುಗಿಯೇ ಮುಂದೆ ಗಂಗೂಬಾಯಿ ಹಾನಗಲ್ ಎಂದು ಹೆಸರಾದವರು.

ಹುಬ್ಬಳ್ಳಿಯ ಹತ್ತಿರದ ಕುಂದಗೋಳದಲ್ಲಿ ನಾಡಗೀರರ ವಾಡೆ ಇದೆ. ಸಂಗೀತಗಾರರಿಗೆ ಆಶ್ರಯ ಕೊಡುತ್ತಿದ್ದ ಮನೆ ಅದು. ಖಾನ್ ಸಾಹೇಬರು ಅಲ್ಲಿ ತಂಗುತ್ತಿದ್ದರು. ಆ ಊರಿನ ರಾಮಭಾವು ಎಂಬ ಹುಡುಗ ಅವರ ಹಾಡು ಕೇಳಿ ಮರುಳಾದ. ಕಲಿಸಬೇಕೆಂದು ಹುಡುಗನ ಮನೆಯವರು ಕೇಳಿಕೊಂಡರು. ಖಾನ್ ಸಾಹೇಬರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: 8 ವರ್ಷ ಬಿಡದೆ ತಮ್ಮ ಹತ್ತಿರ ಕಲಿಯಬೇಕು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹುಡುಗ ಅವರ ಮನೆತನದವನಲ್ಲ, ಅವರ ಮತದವನಲ್ಲ, ಅವರ ಭಾಷೆಯವನೂ ಅಲ್ಲ. ಅದು ಯಾವುದೂ ಅಡ್ಡಿಯಾಗಲಿಲ್ಲ. ಅವರು ಕೇಳಿದ್ದು ಒಂದನ್ನೇ, ಸಮಯ. ಹರೆಯ ಬಂದಾಗ ರಾಮಭಾವುವಿನ ದನಿ ಒಡೆದು ಒರಟಾಯಿತು. ಸಾಮಾನ್ಯ ಗುರುವಾಗಿದ್ದರೆ ಇವನಿಂದ ಆಗದು ಎಂದು ಕಳಿಸಿಬಿಡುತ್ತಿದ್ದರೇನೋ. ಇಲ್ಲಿ ದಿನಗಟ್ಟಲೆ, ತಿಂಗಳುಗಟ್ಟಲೆ ಕೆಲವೇ ರಾಗಗಳ ಮೇಲೆ ದುಡಿತ ನಡೆಯಿತು. ಆ ಒರಟು ದನಿಯನ್ನೇ ತಿದ್ದಿ ತೀಡಿದ ಮೇಲೆ ಹೊರಬಂದವರು ಸವಾಯಿ ಗಂಧರ್ವರು. ಮುಂದೆ ಅವರು ನಾಟಕ ಕಂಪನಿ ಸೇರಿದ್ದು ಗುರುವಿಗೆ ಇಷ್ಟವಾಗಲಿಲ್ಲ. ಆದರೂ ಆ 8 ವರ್ಷಗಳ ಅಡಿಪಾಯ ಅಲುಗಲಿಲ್ಲ.

ಪುಣೆಯ ಶಾಲೆ

1901ರಲ್ಲಿ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಿದ್ದರು. ರಾಜರ ಕೃಪೆಯಿಂದಲ್ಲ, ಜನರ ದೇಣಿಗೆಯಿಂದ ನಡೆದ ಸಂಗೀತ ಶಾಲೆ ಅದು. ತರಗತಿ, ಪಠ್ಯಪುಸ್ತಕ, ಪರೀಕ್ಷೆ ಎಲ್ಲವೂ ಅಲ್ಲಿ ಬಂದವು. ಪಂಡಿತ ಭಾತಖಂಡೆಯವರು ಊರೂರು ತಿರುಗಿ ಚೀಜುಗಳನ್ನು ಸಂಗ್ರಹಿಸಿ ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸುತ್ತಿದ್ದರು. ಉಸ್ತಾದರು ವಿದ್ಯೆಯನ್ನು ಬಚ್ಚಿಡುತ್ತಾರೆ ಎಂಬ ದೂರು ಆಗ ಎಲ್ಲೆಡೆ ಕೇಳಿಬರುತ್ತಿತ್ತು.

ಖಾನ್ ಸಾಹೇಬರು ಆ ದೂರಿಗೆ ಮಾತಿನಲ್ಲಿ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಆರಂಭಿಸಿದರು. ಒಬ್ಬ ಮುಸ್ಲಿಂ ಉಸ್ತಾದರು ತೆರೆದ ಶಾಲೆಗೆ ಇದ್ದ ಹೆಸರು ಇದು ಎಂಬುದನ್ನು ಗಮನಿಸಬೇಕು. ಕಲಿಯುವ ಆಸೆ ಇದ್ದವರಿಗೆಲ್ಲ ಅಲ್ಲಿ ಪ್ರವೇಶವಿತ್ತು. ಹಲವು ವಿದ್ಯಾರ್ಥಿಗಳು ಗುರುವಿನ ಮನೆಯಲ್ಲೇ ಉಳಿದು ಕಲಿಯುತ್ತಿದ್ದರು. ಊಟ, ಪಾಠ, ರಿಯಾಜು ಎಲ್ಲ ಒಂದೇ ಸೂರಿನಡಿ. ಖಾನ್ ಸಾಹೇಬರು ಪ್ರೀತಿಯಿಂದ, ಮುಚ್ಚುಮರೆಯಿಲ್ಲದೆ ಕಲಿಸುತ್ತಿದ್ದರು ಎಂಬುದನ್ನು ಶಿಷ್ಯರು ಕೊನೆಯವರೆಗೂ ನೆನೆದರು. ಅವರಲ್ಲಿ ಒಬ್ಬರಾದ ಬಾಲಕೃಷ್ಣಬುವಾ ಕಪಿಲೇಶ್ವರಿಯವರು ಮುಂದೆ ಗುರುವಿನ ಜೀವನಚರಿತ್ರೆಯನ್ನೇ ಮರಾಠಿಯಲ್ಲಿ ದೊಡ್ಡ ಗ್ರಂಥವಾಗಿ ಬರೆದರು.

ಅರ್ಜಿ ಎಲ್ಲರಿಗೂ ತೆರೆದಿತ್ತು. ಪಾಠ ಮಾತ್ರ ಹಳೆಯ ಕಾಲದಷ್ಟೇ ನಿಧಾನ. ಖಾನ್ ಸಾಹೇಬರ ಗಾಯನದ ರೀತಿಯೇ ಹಾಗಿತ್ತು. ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸುತ್ತ ಹೋಗುವುದು. ಮುಂದಿನ ಸ್ವರಕ್ಕೆ ಆತುರವಿಲ್ಲ. ಇರುವ ಸ್ವರದಲ್ಲಿ ನೆಮ್ಮದಿಯಾಗಿ ನಿಂತು, ಅದು ತಂಬೂರಿಯ ನಾದದಲ್ಲಿ ಕರಗಿದ ಮೇಲೆ ಮುಂದೆ ಹೆಜ್ಜೆ. ಹೀಗೆ ಹಾಡುವವರು ಮೂರು ತಿಂಗಳ ಕೋರ್ಸನ್ನು ಹೇಗೆ ನಡೆಸಿಯಾರು?

ಅವರಿಗೆ ಸ್ವರದ ಮೇಲಿದ್ದ ಆಸಕ್ತಿ ಹಾಡುಗಾರಿಕೆಗಷ್ಟೇ ಸೀಮಿತವಾಗಿರಲಿಲ್ಲ. ಸಾಂಗ್ಲಿಯ ಕೆ. ಬಿ. ದೇವಲ್ ಎಂಬ ನಿವೃತ್ತ ಅಧಿಕಾರಿ ಒಂದು ಸಪ್ತಕದೊಳಗಿನ 22 ಶ್ರುತಿಗಳನ್ನು ಅಳೆದು ಲೆಕ್ಕಕ್ಕೆ ತರುವ ಪ್ರಯತ್ನದಲ್ಲಿದ್ದರು. ಆ ಪ್ರಯೋಗಗಳಿಗೆ ಖಾನ್ ಸಾಹೇಬರು ತಮ್ಮ ಕಂಠವನ್ನೇ ಕೊಟ್ಟರು. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಇದನ್ನು ಗಮನಿಸಿ: ತರಂಗ, ಕಂಪನಾಂಕ ಎಂದು ನಾವು ಭೌತಶಾಸ್ತ್ರದಲ್ಲಿ ಓದುವುದನ್ನು ಅವರು ಕಿವಿಯಿಂದಲೇ ಅರಿತಿದ್ದರು. ಮನೆಯ ನಾಯಿಗೂ ಸ್ವರಕ್ಕೆ ದನಿಗೂಡಿಸಲು ಕಲಿಸಿದ್ದರಂತೆ. ಕಲಿಸುವ ಹುಚ್ಚು ಎಂದರೆ ಅಷ್ಟು!

ತುಂಬಲಾಗದ ನಷ್ಟ

ಇಷ್ಟು ಮಂದಿಗೆ ಕಲಿಸಿದವರ ಸ್ವಂತ ಮನೆಯಲ್ಲಿ ಒಂದು ದೊಡ್ಡ ದುಃಖ ಕಾದಿತ್ತು. 1922ರಲ್ಲಿ ತಾರಾಬಾಯಿಯವರು ಐದು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳು ತಾಯಿಯ ಕಡೆಯ ಮಾನೆ, ಬರೋಡೇಕರ್ ಎಂಬ ಅಡ್ಡಹೆಸರುಗಳಲ್ಲಿ ಬೆಳೆದರು. ಹಿರಿಯ ಮಗ ಸುರೇಶಬಾಬು ಮಾನೆ, ಮಗಳು ಹೀರಾಬಾಯಿ ಬರೋಡೇಕರ್, ಕಿರಿಯ ಮಗಳು ಸರಸ್ವತಿ ರಾಣೆ ಇವರೆಲ್ಲ ದೊಡ್ಡ ಹಾಡುಗಾರರಾದರು. ಆದರೆ ಹೀರಾಬಾಯಿಯವರ ಮುಖ್ಯ ಪಾಠ ಆದದ್ದು ಇದೇ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಬಳಿ. ಸರಸ್ವತಿಯವರಿಗೆ ಪಾಠ ಹೇಳಿದವರು ಅಣ್ಣ ಸುರೇಶಬಾಬು. ಊರ ಮಕ್ಕಳಿಗೆ ಬಾಗಿಲು ತೆರೆದ ತಂದೆಗೆ ತಮ್ಮ ಹೆಣ್ಣುಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ತಯಾರು ಮಾಡುವ ಭಾಗ್ಯ ದೊರೆಯಲಿಲ್ಲ.

ಪುಣೆಯ ಶಾಲೆಯೂ ಗಾಂಧರ್ವ ಮಹಾವಿದ್ಯಾಲಯದಂತೆ ಊರೂರಲ್ಲಿ ಶಾಖೆಗಳಾಗಿ ಹರಡಿ ಉಳಿಯಲಿಲ್ಲ. ಒಬ್ಬ ಮನುಷ್ಯನ ಹೆಗಲ ಮೇಲೆ ನಿಂತ ಶಾಲೆ ಅದು. ಆ ಹೆಗಲು ಸೋತಾಗ ಅದೂ ಸೋತಿತು. ಖಾನ್ ಸಾಹೇಬರು ಮೀರಜಿನಲ್ಲಿ ನೆಲೆ ನಿಂತು, ಕಛೇರಿ ಮಾಡುತ್ತ, ಬಂದವರಿಗೆ ಕಲಿಸುತ್ತ ಮುಂದುವರಿದರು. ಅವರ ಬಂಧುವೂ ಶಿಷ್ಯೆಯೂ ಆದ ರೋಶನ್ ಆರಾ ಬೇಗಂ ಮುಂದೆ ಪಾಕಿಸ್ತಾನದಲ್ಲಿ ಸಂಗೀತದ ರಾಣಿ ಎನಿಸಿಕೊಂಡರು.

1937ರ ಅಕ್ಟೋಬರಿನಲ್ಲಿ ಖಾನ್ ಸಾಹೇಬರು ಮದರಾಸಿಗೆ ಹೋಗಿದ್ದರು. ಅಲ್ಲಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಾಗ ಎದೆ ನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರು ಅವರನ್ನು ಇಳಿಸಿಕೊಂಡರು. ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿಗೆ ಹಾಸಲಾಯಿತು. ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತ ಅವರು ಕಣ್ಣುಮುಚ್ಚಿದರೆಂದು ಶಿಷ್ಯರು ಹೇಳಿದ್ದಾರೆ. ಅಂದು ಅಕ್ಟೋಬರ್ 27. ಮೀರಜಿಗೆ ತಂದು ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಅವರನ್ನು ದಫನ್ ಮಾಡಲಾಯಿತು. ಆ ದರ್ಗಾದ ಉರುಸಿನ ಸಂದರ್ಭದಲ್ಲಿ ಅವರ ನೆನಪಿಗಾಗಿ ಸಂಗೀತೋತ್ಸವ ನಡೆಯುತ್ತದೆ. ದೂರದೂರದ ಕಲಾವಿದರು ಬಂದು ಅಲ್ಲಿ ಹಾಡುತ್ತಾರೆ, ನುಡಿಸುತ್ತಾರೆ.

ಉಳಿದ ಶಾಲೆ

ಫಲಕವಿದ್ದ ಶಾಲೆ ಹೋಯಿತು. ಫಲಕವಿಲ್ಲದ ಶಾಲೆ ಕುಂದಗೋಳದಲ್ಲಿ ಉಳಿಯಿತು. ನಾಟಕ ರಂಗ ಬಿಟ್ಟು ಊರಿಗೆ ಮರಳಿದ ಸವಾಯಿ ಗಂಧರ್ವರು, ತಾವು ಪಡೆದದ್ದನ್ನು ತಮಗೆ ಸಿಕ್ಕ ರೀತಿಯಲ್ಲೇ ಹಂಚಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಬರುತ್ತಿದ್ದರು. ಮನೆ, ಮಕ್ಕಳು, ಬಡತನ ಎಲ್ಲವನ್ನೂ ನಿಭಾಯಿಸಿಕೊಂಡೇ ಅವರು ಆ ರೈಲು ಹಿಡಿಯುತ್ತಿದ್ದರು.

ಇನ್ನೊಬ್ಬ ಶಿಷ್ಯನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಗದಗಿನ ಒಂದು ಅಂಗಡಿಯಲ್ಲಿ ಗ್ರಾಮಫೋನ್ ತಟ್ಟೆಯೊಂದು ಹಾಡುತ್ತಿತ್ತು. ಅದು ಅಬ್ದುಲ್ ಕರೀಂ ಖಾನರ ಠುಮ್ರಿ. ಆ ತಟ್ಟೆಗಳ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು ಮಾತ್ರ. ಅಂಗಡಿಯ ಹೊರಗೆ ನಿಂತು ಕೇಳಿದ ಹುಡುಗನಿಗೆ ತಾನೂ ಹೀಗೆ ಹಾಡಬೇಕು ಎನಿಸಿತು. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಉತ್ತರ ಭಾರತವೆಲ್ಲ ಅಲೆದು ಕೊನೆಗೆ ತನ್ನ ಜಿಲ್ಲೆಗೇ ಮರಳಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾದ. ಆ ಹುಡುಗ ಭೀಮಸೇನ ಜೋಶಿ, ಮುಂದೆ ಭಾರತ ರತ್ನ. ಮೂರು ನಿಮಿಷದ ಹಾಡು ಅವರನ್ನು ಮನೆಯಿಂದ ಹೊರಡಿಸಿತು. ಹಾಡುಗಾರನನ್ನಾಗಿ ಮಾಡಿದ್ದು ಗುರುವಿನ ಮನೆಯಲ್ಲಿ ಕಳೆದ ವರ್ಷಗಳು. (ನೀವು ಮಾತ್ರ ಮನೆ ಬಿಟ್ಟು ಓಡಬೇಕಾಗಿಲ್ಲ. ಈಗ ಸಂಗೀತ ಶಾಲೆಗಳು ಬಸ್ಸು ಹೋಗುವ ದೂರದಲ್ಲೇ ಇವೆ!)

ಲೆಕ್ಕ ಹಾಕಿ ನೋಡಿ. ಕೈರಾನಾದ ಮುಸ್ಲಿಂ ಮನೆತನವೊಂದರ ವಿದ್ಯೆ ಕುಂದಗೋಳದ ರಾಮಭಾವುವಿಗೆ, ಅವರಿಂದ ಗಂಗೂಬಾಯಿಯವರಿಗೆ, ಭೀಮಸೇನರಿಗೆ, ಮುಂಬಯಿಯ ಪಾರಸಿ ಮನೆತನದ ಫಿರೋಜ್ ದಸ್ತೂರರಿಗೆ. ಮೂರು ಮತಗಳ ಮನೆಗಳನ್ನು ದಾಟಿ ಬಂದ ಒಂದೇ ಹಾಡು ಅದು. ಖಾನ್ ಸಾಹೇಬರು ಮನೆತನದ ಆಸ್ತಿಯನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಈ ಹೆಸರುಗಳಲ್ಲಿ ಒಂದೂ ನಮಗೆ ಸಿಗುತ್ತಿರಲಿಲ್ಲ.

ಈ ವರ್ಷ ನಿಮ್ಮಲ್ಲಿ ಯಾರಾದರೂ ಹಾಡುಗಾರಿಕೆಗೋ, ತಬಲಾಕ್ಕೋ, ನೃತ್ಯಕ್ಕೋ ಹೆಸರು ಹಚ್ಚಲು ಯೋಚಿಸುತ್ತಿದ್ದರೆ ಮೊದಲು ಮನೆಯ ಹಿರಿಯರೊಂದಿಗೆ ಮಾತಾಡಿ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯಲಿ ಎಂದು ಅವರು ಹೇಳಬಹುದು, ಅದರಲ್ಲಿ ತಪ್ಪೇನಿಲ್ಲ. 8 ವರ್ಷ ಕೇಳುವ ವಿದ್ಯೆ 8 ತಿಂಗಳು ಕಾಯಬಲ್ಲದು. ಆದರೆ ಹೆಸರು ಹಚ್ಚಿದ ಮೇಲೆ, ಎಷ್ಟು ತಿಂಗಳಲ್ಲಿ ಸ್ಟೇಜಿನ ಮೇಲೆ ಹಾಡಬಹುದು ಎಂದು ಗುರುಗಳನ್ನು ಕೇಳಬೇಡಿ. ಮೊದಲ ದಿನ ಅವರು ಹಾಡು ಕಲಿಸದೆ ಬಹಳ ಹೊತ್ತು ತಂಬೂರಿಯ ತಂತಿಯನ್ನೇ ತಿರುಗಿಸುತ್ತ ಕುಳಿತರೆ, ಫೀಸು ದಂಡವಾಯಿತು ಎಂದುಕೊಳ್ಳಬೇಡಿ. ಸುಮ್ಮನೆ ಕುಳಿತು ಕೇಳಿ. ಪಾಠ ಆಗಲೇ ಶುರುವಾಗಿದೆ.